ಬುಡದ ಪೈಪಿಗೆ ಪ್ರೆಶರ್ ಟೆಸ್ಟ್

ಮೀಸೆ ಮೂಡಿದಾಗಿನಿಂದ ಕಂಡವರ ಮೋರಿಗಳಲ್ಲಿ ಕೈಯಾಡಿಸಿಕೊಂಡು ಬಂದ ಪ್ಲಂಬರಿಗೆ ಅಸಹ್ಯವೆಂದರೇನೆಂದೇ ಗೊತ್ತಿರಲಿಲ್ಲ. ಸಿಂಕಿನ ಕೆಳಗಿನ ಡೊಂಕು ಪೈಪಿನಿಂದ ಕೂದಲು, ಜಿಡ್ಡು, ಹಳಸಿದ ಅನ್ನ ಎಲ್ಲ ಕಲೆತು ಸತ್ತ ಇಲಿಯಂಥ ಉಂಡೆಯೊಂದು ಈಚೆ ಬಂದರೆ, ಅದನ್ನು ಮನೆಯವರ ಮೂಗಿನ ಮುಂದೆ ಹಿಡಿದು "ನೋಡಿ, ನಿಮ್ಮ ಮನೆತನ" ಎನ್ನುತ್ತಿದ್ದ. ಅದೇ ಕೈಯನ್ನು ಪ್ಯಾಂಟಿಗೆ ಒರೆಸಿ ಬನ್ನು ತಿನ್ನುತ್ತಿದ್ದ. ಅಂಥವನು ಅಸಹ್ಯಪಟ್ಟದ್ದು ತನ್ನದೇ ತಲೆಯೊಳಗಿನ ಪೈಪಿನ ಚಿತ್ರ ನೋಡಿ.

ಮೊದಲು ಎಡಗಣ್ಣು ಅದುರುತ್ತಿತ್ತು. ಆಮೇಲೆ ಕೆನ್ನೆ, ಆಮೇಲೆ ಬಾಯಿಯ ಅಂಚು. ಒಂದು ಮನೆಯಲ್ಲಿ ಸಿಂಕಿನಡಿಯಿಂದ ತಲೆಯೆತ್ತಿ "ಅಮ್ಮಾ, ಆ ಸ್ಪ್ಯಾನರ್ ಕೊಡಿ" ಎನ್ನುವಾಗ ಕಣ್ಣು ಹೊಡೆದಂತಾಯಿತು. ಸ್ಪ್ಯಾನರ್ ಬಂದದ್ದು ಆಕೆಯ ಗಂಡನ ಕೈಯಿಂದ, ಗಾಳಿಯಲ್ಲಿ. ಪ್ಲಂಬರನ ಹೆಂಡತಿ ಅವನನ್ನು ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು.

"ಇದು ಮೆದುಳಿನ ಬುಡದಲ್ಲಿರೋ ದೊಡ್ಡ ರಕ್ತನಾಳ," ಎಂದರು ನರದ ಡಾಕ್ಟರು. "ಹಿಗ್ಗಿದೆ, ಉದ್ದ ಆಗಿದೆ, ಡೊಂಕಾಗಿದೆ. ಮುಖದ ನರಕ್ಕೆ ಒತ್ತುತಾ ಇದೆ, ಅದಕ್ಕೇ ಈ ಸೆಳೆತ."

ಪರದೆಯ ಮೇಲೆ ತಿಂದು ಕೊಬ್ಬಿದ ಎರೆಹುಳವೊಂದು ಹೊರಳಿ ಮಲಗಿದಂತಿತ್ತು. ಪ್ಲಂಬರ್ ಮುಖ ತಿರುಗಿಸಿದ. "ಥೂ! ಕತ್ತರಿಸಿ ಹೊಸದು ಹಾಕಿ ಸಾರ್."

"ಹಾಗೆಲ್ಲ ಆಗಲ್ಲ. ಉಸಿರಿಗೆ, ಮಾತಿಗೆ, ನುಂಗೋದಕ್ಕೆ ಬೇಕಾದ ರಕ್ತ ಹೋಗೋದೇ ಇದರ ಸಣ್ಣ ಕವಲುಗಳಿಂದ. ಸದ್ಯಕ್ಕೆ ಮುಟ್ಟದೇ ಇರೋದೇ ಕ್ಷೇಮ. ಬಿಪಿ ಇಳಿಸ್ಬೇಕು. ದಿನಾ ಮಾತ್ರೆ, ಉಪ್ಪು ಕಡಿಮೆ, ಸಿಗರೇಟು ಬಂದ್, ಆಗಾಗ ಸ್ಕ್ಯಾನ್. ಸೆಳೆತಕ್ಕೆ ಇಂಜೆಕ್ಷನ್ ಕೊಡೋಣ. ನಿಭಾಯಿಸ್ಕೊಂಡು ಹೋಗೋಣ."

ನಿಭಾಯಿಸುವುದು! ಸೋರುವ ಪೈಪಿಗೆ ಹಳೇ ಬನಿಯನ್ ಸುತ್ತಿ, ಕೆಳಗೆ ಬಕೆಟ್ ಇಟ್ಟು, ಅದರಲ್ಲಿ ಸೊಳ್ಳೆ ಸಾಕುವವರ ಬಾಯಲ್ಲಿ ಅವನು ಕೇಳಿದ್ದ ಮಾತು ಅದು.

ಮನೆಗೆ ಬಂದ ಮೇಲೆ, ಆಸ್ಪತ್ರೆಗೂ ಜೊತೆಗೆ ಬಂದಿದ್ದ ಭಾವಮೈದ ಡಾಕ್ಟರ ದನಿಯನ್ನು ಅಣಕಿಸಿದ. ಭಾವನ ಜೊತೆಗೇ ಪೈಪು ಹೊರುವ ಅವನಿಗೆ ಯಾರ ಗಂಟಲಾದರೂ ಒಗ್ಗುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿಸಿ, "ನಿಭಾಯಿಸೋಣ, ಪ್ಲಂಬರ್ರೇ, ನಿಭಾಯಿಸೋಣ..." ಎಂದು ಮೂಗಿನಲ್ಲೇ ರಾಗ ಎಳೆದ. ಆಮೇಲೆ ತನ್ನ ದನಿಗೆ ಬಂದು ನಕ್ಕ: "ಅಲ್ಲ ಭಾವ, ಇವರು ಪ್ರೆಶರ್ ಟೆಸ್ಟೇ ಮಾಡ್ದೆ ಪೈಪು ವೀಕು ಅಂತ ಹೆಂಗೆ ಹೇಳ್ತಾರೆ?"

ಅವನು ಆಡಿದ್ದು ತಮಾಷೆಗೆ. ಭಾವನ ತಲೆಗೆ ಹೊಕ್ಕಿದ್ದು ನಿಜವಾಗಿ. ಹೊಸ ಲೈನು ಎಳೆದ ಮೇಲೆ ಎಲ್ಲ ನಲ್ಲಿ ಮುಚ್ಚಿ, ಪಂಪು ಹೊಡೆದು, ಮಾಮೂಲಿಗಿಂತ ಹೆಚ್ಚು ಒತ್ತಡ ಕೊಟ್ಟು ಬಿಡುವುದು ಅವರ ಕಸುಬಿನ ಪದ್ಧತಿ. ತಡೆದುಕೊಂಡರೆ ಪಾಸು, ಮತ್ತೆ ಆ ಪೈಪಿನ ಮಾತೇ ಇಲ್ಲ.

ಮರುದಿನ ಹೆಂಡತಿ ತನ್ನ ಲಾಂಡ್ರಿ ಕೆಲಸಕ್ಕೆ ಹೊರಟಳು. ಪ್ಲಂಬರ್ ಮಾತ್ರೆಯನ್ನು ಪ್ಯಾಂಟಿನ ಜೇಬಿಗಿಳಿಸಿದ. ನಾರುವ ಉಪ್ಪುಮೀನನ್ನು ಬೆರಳು ನೆಕ್ಕಿಕೊಂಡು ತಿಂದ. ಒಂದರ ಬೆಂಕಿಯಿಂದ ಇನ್ನೊಂದು ಸಿಗರೇಟು ಹಚ್ಚಿದ. ಗಿರಾಕಿಯ ಕಟ್ಟಡದಲ್ಲಿ ವಾಟರ್ ಹೀಟರನ್ನು ಒಬ್ಬನೇ ಬೆನ್ನಿಗೇರಿಸಿ ಮೆಟ್ಟಿಲು ಹತ್ತತೊಡಗಿದ.

"ಭಾವಾ, ಒಂದು ತುದಿ ನಂಗೆ ಕೊಡಿ!"

"ಸುಮ್ನಿರೋ, ಟೆಸ್ಟ್ ನಡೀತಿದೆ."

ಮೇಲಿನ ಬಚ್ಚಲಲ್ಲಿ ಹೀಟರ್ ಇಳಿಸಿ, ಎದೆಯುಬ್ಬಿಸಿ "ಟೆಸ್ಟ್ ಪಾಸು" ಎನ್ನಹೊರಟ. ಈಚೆ ಬಂದದ್ದು "ತೆತ್ತು ಪಾತು".

ಭಾವಮೈದ ಬಿದ್ದು ಬಿದ್ದು ನಕ್ಕ. ಭಾವನೂ ತನ್ನ ಅಣಕದ ವಿದ್ಯೆ ಹಿಡಿದನೆಂದುಕೊಂಡು "ಬಾವಾ, ತುಂಬಾ ತೆನ್ನಾಗಿದೆ!" ಎಂದು ತೊದಲಿಯೇ ಉತ್ತರ ಕೊಟ್ಟ. ಆಗ ಪ್ಲಂಬರನ ಬಾಯಿಯ ಕೊನೆಯಿಂದ ಜೊಲ್ಲಿನ ಎಳೆಯೊಂದು, ಮೀನಿನ ಚೂರು ಹೊತ್ತುಕೊಂಡು, ಗದ್ದದ ಮೇಲೆ ಹರಿದು ಅಂಗಿಗೆ ಇಳಿಯಿತು. ಕೋಣೆ ಗಿರ್ರೆಂದು ಸುತ್ತಿತು. ಸಿಂಕನ್ನು ತಬ್ಬಿ ಕಕ್ಕಿದ. ಅದು ಅವನು ಅಂದೇ ಬಿಡಿಸಬೇಕಿದ್ದ, ಕಸ ಕಟ್ಟಿಕೊಂಡ ಸಿಂಕು. ಒಂದು ಹನಿಯೂ ಇಳಿಯಲಿಲ್ಲ. ಮೀನು, ಹೊಗೆಯ ವಾಸನೆ, ಹಳದಿ ನೊರೆ ಎಲ್ಲ ಅಲ್ಲೇ ನಿಂತು ಅವನ ಮುಖ ನೋಡಿದವು. ಮೇಲೆ ಕನ್ನಡಿಯಲ್ಲಿ ಅರ್ಧ ಮುಖ ಒದ್ದೆ ಬಟ್ಟೆಯಂತೆ ಜೋತಿತ್ತು. ಜೀವನದಲ್ಲಿ ಮೊದಲ ಸಲ ಪ್ಲಂಬರಿಗೆ ಒಂದು ಸಿಂಕನ್ನು ಮುಟ್ಟಲು ಹೇಸಿಗೆಯಾಯಿತು.

ಭಾವಮೈದನ ನಗು ಅಲ್ಲಿಗೇ ನಿಂತಿತು. ಆಂಬುಲೆನ್ಸ್ ಕರೆಸಿದ.

ಆಸ್ಪತ್ರೆ ಸೇರುವಷ್ಟರಲ್ಲಿ ಮಾತು ಮರಳಿತ್ತು. "ಈ ಸಲ ರಕ್ತನಾಳ ಬರೀ ಎಚ್ಚರಿಕೆ ಕೊಟ್ಟು ಬಿಟ್ಟಿದೆ. ಇನ್ನೊಂದು ಸಲ ಮಾತು ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ," ಎಂದು ಡಾಕ್ಟರು ಗದರಿ ಹೋದರು. ನರ್ಸು ಕೊಟ್ಟ ಪ್ಯಾಂಟಿನ ಜೇಬುಗಳನ್ನು ಹೆಂಡತಿ ಲಾಂಡ್ರಿಯ ಅಭ್ಯಾಸದಂತೆ ಹೊರಗೆಳೆದಳು. ರಬ್ಬರ್ ವಾಷರಿಗೆ ಅಂಟಿಕೊಂಡು, ಯಾರದೋ ತಲೆಗೂದಲು ಸುತ್ತಿಕೊಂಡು, ಮಾತ್ರೆ ಈಚೆ ಬಂತು. ಅವಳು ಅದನ್ನು ಅವನ ಮೂಗಿನ ಮುಂದೆ ಹಿಡಿದಳು.

"ನೋಡಿ, ನಿಮ್ಮ ಮನೆತನ."

ಅವನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡ. ಅವಳು ಬಿಡಲಿಲ್ಲ.

"ಮೂಲೆಮನೆ ಅಜ್ಜಿಯ ತುಕ್ಕು ಪೈಪಿಗೂ ಹಿಂಗೇ ಟೆಸ್ಟ್ ಮಾಡಿದ್ರಾ?"

"ಅದು ಗೋಡೆಯೊಳಗಿಂದು ಕಣೆ. ಪೈಪು ಒಡೆದ್ರೆ ಮನೇನೇ ಕುಸೀತಿತ್ತು."

"ಮತ್ತೇನ್ ಮಾಡಿದ್ರಿ?"

"...ಟ್ಯಾಂಕಿನ ವಾಲ್ವ್ ಅರ್ಧ ಮುಚ್ಚಿದೆ."

"ಇನ್ನೂ ಒಡೆದಿಲ್ವಲ್ಲ?"

"ಒಡೆದಿಲ್ಲ. ಆದ್ರೆ ನೀರು ಮುದುಕ ಉಚ್ಚೆ ಹೊಯ್ದಂಗೆ ಬರುತ್ತೆ."

"ಬರುತ್ತಲ್ಲ! ಅಷ್ಟು ಸಾಕು ನಂಗೆ," ಎಂದಳು.

ನುಂಗುವುದು ಸರಿಯಿದೆಯೆಂದು ನರ್ಸು ನೋಡಿಕೊಂಡ ಮೇಲೆ ಅವನೇ ಅಂಗೈ ಚಾಚಿದ. ಹೊಸ ಮಾತ್ರೆ ನಾಲಗೆಯಲ್ಲೇ ಕರಗಿ ಕಹಿ ಹರಡಿತು. ಅದರ ಹಿಂದೆಯೇ ಉಪ್ಪಿಲ್ಲದ ಬೆಂದ ಕುಂಬಳಕಾಯಿ, ಮೋರಿಯಿಂದ ತೋಡಿದಂತೆ ಬೆಚ್ಚಗೆ, ಲೋಳೆಲೋಳೆಯಾಗಿ ಬಂತು. ಮುಖವೆಲ್ಲ ಕಿವುಚಿಕೊಂಡಿತು.

ಬಾಗಿಲಲ್ಲಿ ನಿಂತಿದ್ದ ಭಾವಮೈದ ಒಳಗೆ ಬರಲು ಹೆದರಿ ಕೇಳಿದ: "ಭಾವಾ, ಅದು ಸೆಳೆತಾನಾ, ಅಸಹ್ಯಾನಾ?"

"ಎಡಗಡೇದು ಸೆಳೆತ. ಬಲಗಡೇದು ಅಸಹ್ಯ," ಎಂದ ಪ್ಲಂಬರ್, ಮುಂದಿನ ಚಮಚಕ್ಕೆ ಬಾಯಿ ತೆರೆದ.