ಇನ್ನೊಬ್ಬಳನ್ನು ಕೊಡಿ

ಮೈಕು ಕುಂಯ್ ಅಂತ ಕಿವಿ ಕೊರೆಯುತ್ತಿದೆ, ಯಾರಾದರೂ ಅದರ ಕತ್ತು ಹಿಸುಕಬಾರದೇ, ಅದಾಗದಿದ್ದರೆ ಹಲ್ಲುಕಿರಿಯಪ್ಪನ ಕತ್ತಾದರೂ ಸರಿ — ಆಸ್ಪತ್ರೆ ಕೆಲಸಕ್ಕೆ ಜನರನ್ನು ಸೇರಿಸಿಕೊಳ್ಳುವ ಆ ಆಫೀಸರಿಗೆ ನರ್ಸುಗಳೆಲ್ಲ ಸೇರಿ ಇಟ್ಟ ಹೆಸರು ಅದು, ಬೈದರೂ ನಗುತ್ತಾನೆ, ಎದುರಿಗೆ ಹೆಣ ಬಿದ್ದರೂ ನಗುತ್ತಾನೆ — ಈಗ ಶಾಲೆಯ ವೇದಿಕೆಯ ಮೇಲೆ ನಿಂತು ಅದೇ ನಗು, ಮಕ್ಕಳೇ, ಇನ್ನು ಮುಂದೆ ಕೆಲಸ ಅಂದ್ರೆ ಆಸ್ಪತ್ರೆ ಕೆಲಸ, ನಮ್ಮ ಸುತ್ತಮುತ್ತಲೇ ಸಾವಿರಾರು ನರ್ಸುಗಳು ಬೇಕು, ಲ್ಯಾಬಿಗೆ ಬೇಕು, ಎಕ್ಸ್‌ರೇಗೆ ಬೇಕು, ಓದು ಮುಗಿಸೋದೇ ತಡ, ಕರೆದು ಕೂರಿಸ್ತಾರೆ. ಕೂರಿಸ್ತಾರಂತೆ, ಕೂರಿಸ್ತಾರೆ! ಕೂತ ನರ್ಸನ್ನು ಯಾವಾಗ ನೋಡಿದ್ದೀಯೋ, ಯಾಕೆ ಬೇಕು ಅಂತ ಹೇಳೋ, ಇದ್ದವರೆಲ್ಲ ಯಾಕೆ ಎದ್ದುಬಿದ್ದು ಓಡಿದರು ಅಂತ ಹೇಳೋ. ಅವನ ಜೊತೆ ಬಂದ ನರ್ಸು, ಅವಳು ಮಾತ್ರ ವೇದಿಕೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ, ಬಟ್ಟೆ ಅಂಗಡಿಯ ಬೊಂಬೆಯ ಹಾಗೆ. ಡ್ಯೂಟಿಯ ನಡುವಿನಿಂದಲೇ ಎಳೆದು ಕಳಿಸಿದಳು ಮೇಟ್ರನ್, ನೀನೇ ಹೋಗಮ್ಮ, ಹಳಬಳು, ನಾಲ್ಕು ಒಳ್ಳೇ ಮಾತಾಡು, ಮುಖ ಸ್ವಲ್ಪ ಸಡಿಲ ಮಾಡ್ಕೋ. ಮುಖ ಸಡಿಲ ಮಾಡುತ್ತಾಳೆ, ಸೊಂಟ ಆಗಲೇ ಸಡಿಲಾಗಿದೆ, ಅದು ಸಾಲದೇ — ವಾರ್ಡಿನಲ್ಲಿ ಆ ಬಸ್ ಕಂಡಕ್ಟರ್ ಅಂಗಾತ ಬಿದ್ದಿರುತ್ತಾನೆ ಈಗ, ಲಕ್ವ ಹೊಡೆದು ಅರ್ಧ ಮೈ ಮರಗಟ್ಟಿದೆ, ಆನೆಮರಿಯಂಥ ಆಳು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗಿ ಕೊಳೆಯುತ್ತದೆ, ಒಬ್ಬರು ಭುಜ, ಒಬ್ಬರು ಸೊಂಟ, ಕೆಳಗಿನ ದುಪ್ಪಟಿ ಹಿಡಿದು ಒಂದು, ಎರಡು, ಮೂರು ಅಂತ ಒಟ್ಟಿಗೆ ಎಳೆಯಬೇಕು, ಆದರೆ ಆ ಇನ್ನೊಬ್ಬಳು ಕೆಲಸ ಬಿಟ್ಟು ಹೋಗಿ ಯಾವ ಕಾಲವಾಯಿತು, ಇವಳೊಬ್ಬಳೇ ಮಂಚಕ್ಕೆ ಮೊಣಕಾಲು ಒತ್ತಿ ಎಳೆಯುತ್ತಾಳೆ, ಬಾಯಿ ಮಾತ್ರ ಹಳೇ ಚಾಳಿ ಬಿಡುವುದಿಲ್ಲ, ಒಂದು, ಎರಡು — ಕಂಡಕ್ಟರನ ಬಾಯಿ ಸೊಟ್ಟಗಾಗಿದೆ, ನಾಲಿಗೆ ಸೊಟ್ಟಗಾಗಿಲ್ಲ, ಯಾರಿಗಮ್ಮಾ ಎಣಿಸ್ತೀಯ, ಗೋಡೆಗಾ, ಗೋಡೆ ರಜದ ಮೇಲಿದೆ, ನೀನೇ ಎಳಿ. ಅವಳೂ ನಕ್ಕಳು, ನಗುತ್ತಲೇ ಸೊಂಟ ಹಿಡಿದುಕೊಂಡಳು, ಆಮೇಲೆ ಮೇಟ್ರನ್ ಬಾಗಿಲಿಗೆ ಹೋಗಿ ಕೂಗಾಡಿದಳು, ಇನ್ನೊಬ್ಬಳನ್ನು ಕೊಡಿ, ಎಲ್ಲಿಂದಾದರೂ ಹಿಡಿದು ತನ್ನಿ, ಯಾರಾದರೂ ಆದೀತು. ಎಲ್ಲಿಂದ ತರ್ಲಿ, ನಾನೇನು ಹೆತ್ತು ಕೊಡ್ಲಾ ಅಂದಳು ಮೇಟ್ರನ್.

ಈಗ ಹಲ್ಲುಕಿರಿಯಪ್ಪ ಕೈ ತಟ್ಟುತ್ತಿದ್ದಾನೆ, ಹೇಳಿ, ಯಾರ್ಯಾರು ನರ್ಸ್ ಆಗ್ತೀರಿ, ಕೈ ಎತ್ತಿ ನೋಡೋಣ, ಹುಡುಗಿಯರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತಾರೆ, ಕಿಸಕ್ ಅನ್ನುತ್ತಾರೆ, ಒಬ್ಬಳೂ ಎತ್ತುವುದಿಲ್ಲ, ಸದ್ಯ, ಬುದ್ಧಿ ಇದೆ ಮುಂಡೇವಕ್ಕೆ — ಕಿಟಕಿಯ ಸಾಲಿನಲ್ಲಿ, ಮುಂದುಗಡೆಯೇ, ಒಂದು ಕೈ ಮೇಲೆ ಬಂತು. ಮುಖ ನೋಡುವ ಮೊದಲೇ ಗೊತ್ತಾಯಿತು. ಮಗಳು. ಈ ಶಾಲೆಯಲ್ಲೇ ಓದುತ್ತಾಳೆ, ಸರಿ, ಕೇಳಲಿ, ಹೋಗಲಿ, ಕೈ ಯಾಕೆ ಎತ್ತಬೇಕು, ಮನೆಯಲ್ಲಿ ಬಾಯಿ ಬಿಟ್ಟು ಹೇಳಿಲ್ಲವೇ, ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೀನಿ ಅಂತ, ಮುರಿದ್ರೆ ನೀನೇ ಪಟ್ಟಿ ಕಟ್ಟಬೇಕಲ್ಲಮ್ಮಾ ಅಂದಿತು ಅಧಿಕಪ್ರಸಂಗಿ, ಅವರಪ್ಪ ಹೋ ಅಂತ ನಕ್ಕ, ನಗೋಕೇನು, ರೋಗಿಯ ಮಗನೊಬ್ಬ ಡ್ರಿಪ್ ಮುಗಿದು ಎಷ್ಟು ಹೊತ್ತಾಯ್ತೇ ಅಂತ ಕೆನ್ನೆಗೆ ಬಾರಿಸಿದ್ದು ಅವನಿಗಲ್ಲವಲ್ಲ, ಆಮೇಲೆ ಇದೇ ಹಲ್ಲುಕಿರಿಯಪ್ಪ ಹಲ್ಲು ಬಿಟ್ಟು, ಹೋಗ್ಲಿ ಸಿಸ್ಟರ್, ಒಂದು ಕ್ಷಮೆ ಕೇಳಿಬಿಡಿ ಅಂದದ್ದು, ಹೊಡೆದವನಿಗಲ್ಲ, ಇವಳಿಗೆ — ಆ ಕೆನ್ನೆಯ ಜಾಗದಲ್ಲಿ ಮಗಳ ಕೆನ್ನೆ, ಥೂ — ಕೈ ಇನ್ನೂ ಮೇಲೇ ಇದೆ.

ನೋಡಿ, ಎಂಥ ಧೈರ್ಯದ ಹುಡುಗಿ, ಸಿಸ್ಟರ್, ಬನ್ನಿ, ಈ ಮಗುವಿಗೆ ನೀವೇ ಒಂದು ಮಾತು ಹೇಳಿ. ಇವಳ ಮಗಳು ಅಂತ ಅವನಿಗೆ ಗೊತ್ತಿಲ್ಲ, ಎಲ್ಲಿಂದ ಗೊತ್ತಿರಬೇಕು, ನರ್ಸುಗಳಿಗೂ ಮನೆಮಠ ಇರುತ್ತದೆ ಅಂತಲೇ ಗೊತ್ತಿಲ್ಲದವನಿಗೆ. ಮೈಕು ಕೈಗೆ ಬಂತು, ತಣ್ಣಗಿದೆ, ಬರಬೇಡ ಅನ್ನಬೇಕು, ನೇರವಾಗಿ, ಎಲ್ಲರ ಮುಂದೆ, ಕೆಲಸ ಹೋದರೆ ಹೋಗಲಿ — ಬರಬೇಡ ಅಂದರೆ ಆ ಸಭೆಯ ಅಷ್ಟೂ ಹುಡುಗಿಯರಿಗೆ ಬರಬೇಡ ಅಂದಂತೆ, ಆಗ ಆ ಆನೆಮರಿಯ ಭುಜ ಹಿಡಿಯೋರು ಯಾರು, ಪಕ್ಕದ ಎರಡು ಜಡೆಯ ಹುಡುಗಿ ಕೈ ಎತ್ತಿದ್ದರೆ ಬಾರಮ್ಮ, ನೂರು ವರ್ಷ ಬಾಳು ಅಂತ ಬಾಯಿತುಂಬ ಕರೆಯುತ್ತಿರಲಿಲ್ಲವೇ, ಕರೆಯುತ್ತಿದ್ದಳು, ಯಾರ ಮಗಳಾದರೂ ಆದೀತು, ಇದೊಂದು ಬೇಡ, ಇದೊಂದನ್ನು ಬಿಟ್ಟು — ಕೈ ಇಳಿಸೇ, ಕಣ್ಣಲ್ಲೇ ಹೇಳಿದಳು, ಇಳಿಸೇ, ಅದು ಇಳಿಸುವುದಿಲ್ಲ, ಅಮ್ಮನ ಮುಖವನ್ನೇ ನೋಡುತ್ತಿದೆ, ಹಟಮಾರಿ, ಯಾರ ಹಾಗೆ, ಇನ್ಯಾರ ಹಾಗೆ — ಬೆರಳು ನೋಡಿದಳು. ಮೊನ್ನೆಯವರೆಗೆ ಉದ್ದುದ್ದ ಬೆಳೆಸಿ, ಬಣ್ಣ ಬಳಿದು, ಪಾತ್ರೆ ತೊಳಿ ಅಂದರೆ ಮುರಿಯುತ್ತೆ ಅಂತ ಚೀರುತ್ತಿದ್ದ ಉಗುರು. ಕತ್ತರಿಸಿದ್ದಾಳೆ. ಬುಡಕ್ಕೆ, ಬಿಳಿ ಅಂಚು ಒಂದಿಷ್ಟೂ ಉಳಿಯದ ಹಾಗೆ, ರೋಗಿಯ ಮೈಗೆ ಗೀರು ಬೀಳಬಾರದು ಅಂತ ನರ್ಸುಗಳು ಕತ್ತರಿಸುವ ಹಾಗೆ. ಯಾರು ಹೇಳಿಕೊಟ್ಟರು, ಯಾರೂ ಹೇಳಿಕೊಡಲಿಲ್ಲ. ಸಿಸ್ಟರ್, ಹೇಳಿ ಸಿಸ್ಟರ್. ಮೈಕು ಬಾಯಿಯ ಹತ್ತಿರ ತಂದಳು — ಕೈ ಇಳಿಸೇ — ಆ ಕೈ — ಬುಡಕ್ಕೆ ಕತ್ತರಿಸಿದ ಉಗುರು, ತುದಿಯಲ್ಲಿ ಕೆಂಪಗೆ ಹಸಿ ಮಾಂಸ, ಆ ಕೈ…