ಬಳಚು ತಿಂದ ಏಳು ಜನ

ಬುಧವಾರ ಬೆಳಿಗ್ಗೆ ಹತ್ತೂವರೆಯಾದರೂ ದುರ್ಗಿಯ ಬುಟ್ಟಿ ತಂದ ಹಾಗೇ ಇತ್ತು. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಸೊಂಟಮಟ್ಟ ನಿಂತು, ಕಾಲಿನಿಂದ ತಡಕಿ, ಕೈಯಿಂದ ಹೆಕ್ಕಿದ ಬಳಚು, ಚಿಪ್ಪಿನೊಳಗೆ ಮಾಂಸವಿರುವ ಮೀನು. ಕುಮಟೆಯ ಮೀನು ಮಾರ್ಕೆಟ್ಟಿನಲ್ಲಿ ಅವಳು ಬುಟ್ಟಿ ಇಳಿಸಿದರೆ ಒಂಬತ್ತೂವರೆಯೊಳಗೆ ತಳ ಕಾಣುತ್ತಿತ್ತು. ಇಪ್ಪತ್ತೈದು ವರ್ಷದಿಂದ ಹಾಗೇ ನಡೆದು ಬಂದಿತ್ತು. ಇವತ್ತು ಮಾತ್ರ ಗಿರಾಕಿಗಳು ಬುಟ್ಟಿಯಿಂದ ಎರಡು ಮಾರು ದೂರ ಸರಿದು ನಡೆಯುತ್ತಿದ್ದರು. ಕೆಲವರು ಅವಳನ್ನು ನೋಡಿ, ಕನಿಕರದಿಂದ ತಲೆ ಅಲ್ಲಾಡಿಸಿ, ಬಂಗಡೆಯ ಕಡೆ ಹೋದರು.

ಶಾಂತಾರಾಮ ಮಾಸ್ತರರು ಬುಧವಾರ ತಪ್ಪಿಸಿದವರಲ್ಲ. ಕನ್ನಡ ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಬುಧವಾರ ಅವರ ಮನೆಯಲ್ಲಿ ಬಳಚಿನ ಸುಕ್ಕ ಆಗಲೇಬೇಕು. ಅವರೂ ಕೊಡೆಯ ಹಿಡಿಕೆಯನ್ನೇ ನೋಡುತ್ತಾ ದಾಟಿಹೋಗುತ್ತಿದ್ದರು.

"ಮಾಸ್ತರ್ರೇ, ನಾನು ಕಾಣೂದಿಲ್ವಾ?" ದುರ್ಗಿ ಕೂಗಿದಳು. "ಎಲ್ಲರಿಗೂ ಇವತ್ತು ಎಂತ ಆಗಿದ್ದು?"

ಮಾಸ್ತರರು ಸಿಕ್ಕಿಬಿದ್ದವರಂತೆ ನಿಂತರು. ಕಿಸೆಯಿಂದ ಮೊಬೈಲು ತೆಗೆದು, ಕನ್ನಡಕ ಏರಿಸಿ, ಪಾಠ ಓದಿದ ಹಾಗೆ ಓದಿದರು: "ತುರ್ತು ಎಚ್ಚರಿಕೆ. ಅಘನಾಶಿನಿಯ ಬಳಚಿನಲ್ಲಿ ವಿಷ. ತಿಂದ ಏಳು ಜನ ಆಸ್ಪತ್ರೆಗೆ. ಇಬ್ಬರ ಸ್ಥಿತಿ ಗಂಭೀರ. ಟಿವಿಯವರು ಇದನ್ನು ತೋರಿಸುವುದಿಲ್ಲ. ನಿಮ್ಮವರ ಮೇಲೆ ಪ್ರೀತಿಯಿದ್ದರೆ ಹತ್ತು ಗ್ರೂಪಿಗೆ ಕಳಿಸಿ."

ದುರ್ಗಿ ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಚೌಕಾಸಿಯ ಗಿರಾಕಿಗಳ ಜೊತೆ ದಿನಾ ಮಾತಾಡಿ ಬಾಯಿ ಪಳಗಿತ್ತು.

"ಯಾರ ಮನೆಯವರಂತೆ?"

"ಅದು ಹಾಕಿಲ್ಲ."

"ಯಾವ ದಿನ?"

"ಅದೂ ಹಾಕಿಲ್ಲ."

"ಆಸ್ಪತ್ರೆ ಯಾವುದು?"

ಮಾಸ್ತರರು ಪರದೆಯನ್ನು ಮೇಲೆ ಕೆಳಗೆ ಸರಿಸಿದರು. ಪತ್ರದ ಮೇಲೆ ಊರು, ದಿನಾಂಕ ಬರೆಯದ ಮಕ್ಕಳಿಗೆ ಮೂವತ್ತು ವರ್ಷ ಅಂಕ ಕತ್ತರಿಸಿದ ಮನುಷ್ಯ ಅವರು. "ಆದರೆ ಕಳಿಸಿದವ ಸಾಮಾನ್ಯದವನಲ್ಲ ದುರ್ಗಿ. ಹೊನ್ನಾವರದ ಮಧುಸೂದನ. ಔಷಧಿ ಅಂಗಡಿಯವ. ಅವನಿಗೆ ಗೊತ್ತಿಲ್ಲದೆ ಇರ್ತದಾ?"

"ನೀವು ಹತ್ತು ಗ್ರೂಪಿಗೆ ಕಳಿಸಿದ್ರಾ?"

"ಇಲ್ಲ ಇಲ್ಲ," ಮಾಸ್ತರರು ತಪ್ಪಿತಸ್ಥರ ದನಿಯಲ್ಲಿ ಹೇಳಿದರು, "ನನ್ನ ಹತ್ರ ಇರೂದೇ ಆರು."

ದುರ್ಗಿ ಒದ್ದೆ ಗೋಣಿಚೀಲವನ್ನು ಬುಟ್ಟಿಯ ಮೇಲೆ ಹೊದೆಸಿದಳು. ಪಕ್ಕದಲ್ಲಿ ಏಡಿ ಮಾರುವ ಕುಸುಮಾಳಿಗೆ, "ಇದನ್ನ ನೋಡ್ಕೊ. ನಾನು ಆ ಏಳು ಜನರನ್ನ ನೋಡಿ ಬರ್ತೆ," ಎಂದಳು.

"ಹುಚ್ಚಾ ನಿಂಗೆ? ಎಲ್ಲಿ ಅಂತ ಹುಡುಕ್ತೆ?"

"ನಾನು ಹೆಕ್ಕಿದ್ದು ತಿಂದು ಮಲಗಿದ್ದಾರೆ ಅಂದ್ರೆ ಹೋಗಿ ನೋಡೂದು ಬ್ಯಾಡ್ವಾ?"

ಮಾತಿನಲ್ಲಿದ್ದ ಗಟ್ಟಿತನ ಬಸ್ಸು ಹತ್ತಿದ ಮೇಲೆ ಉಳಿಯಲಿಲ್ಲ. ಒಂದು ವೇಳೆ ನಿಜವಾಗಿದ್ದರೆ? ತನ್ನ ಕೈಯ ಬಳಚು ತಿಂದು ದೊಡ್ಡವರಾದ ಮಕ್ಕಳೆಷ್ಟು, ಬಾಣಂತಿಯರೆಷ್ಟು. ಧಾರೇಶ್ವರದ ದೇವಸ್ಥಾನ ದಾಟುವಾಗ ಕಿಟಕಿಯಿಂದಲೇ ಕೈಮುಗಿದಳು. ಏಳು ಜನರಲ್ಲಿ ಒಬ್ಬರೂ ಸಾಯದಿರಲಿ ಎಂದಷ್ಟೇ ಕೇಳಿಕೊಂಡಳು.

ಹೊನ್ನಾವರದ ಔಷಧಿ ಅಂಗಡಿಯಲ್ಲಿ ಮಧುಸೂದನ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ಅವಧಿ ಮುಗಿಯುವ ತಾರೀಖು ನೋಡುತ್ತಿದ್ದ. ತಾರೀಖು ನೋಡದೆ ಒಂದು ಗುಳಿಗೆಯನ್ನೂ ಕೊಡುವವನಲ್ಲ. ದುರ್ಗಿ ವಿಷಯ ಹೇಳಿದಳು. ಅವನು ಗಂಭೀರನಾದ.

"ನೋಡಿ ಅಮ್ಮ, ನನಗೆ ಬಂದಾಗ ಮೂರೇ ಜನ."

"ಏಳು ಹೇಗೆ ಆತು?"

"ಅದೇ ದಿನ ಬೇರೆ ಗ್ರೂಪಿನಲ್ಲಿ ನಾಲ್ಕು ಜನ ಅಂತ ಬಂತು. ಇವರು ಬೇರೆ, ಅವರು ಬೇರೆ ಇರಬೇಕು ಅಂತ ಕೂಡಿಸಿದೆ."

"ಇಬ್ಬರು ಗಂಭೀರ ಅಂತ ಉಂಟಲ್ಲ?"

"ಏಳು ಜನರಲ್ಲಿ ಇಬ್ಬರಾದರೂ ಇರ್ತಾರಲ್ಲ ಅಮ್ಮ." ಅವನ ಮುಖದಲ್ಲಿ ಕಪಟವಿರಲಿಲ್ಲ. "ಜನರಿಗೆ ಒಳ್ಳೇದಾಗ್ಲಿ ಅಂತ ಹಾಕಿದ್ದು. ಮೂರು ಜನರ ಸುದ್ದಿ ಕಳಿಸಿದ್ದು ಭಟ್ಕಳದ ದಿವಾಕರ. ಟೇಲರ್. ಕಾಲೇಜಿನಿಂದ ನನ್ನ ದೋಸ್ತ. ಸುಳ್ಳು ಹೇಳುವವನಲ್ಲ."

ಟೇಲರ್ ದಿವಾಕರನೆಂದರೆ ದುರ್ಗಿಯ ಅಳಿಯ ಗಿರೀಶನ ಸೋದರಮಾವ. ಗಿರೀಶನ ಮನೆ ಭಟ್ಕಳದ ಪಕ್ಕ, ಹೆಬಳೆಯಲ್ಲಿ. ಕಳೆದ ಶನಿವಾರ ತಾನೇ ಅವಳು ಬಸ್ಸಿನವರ ಕೈಯಲ್ಲಿ ಮಗಳು ಉಮಾಳಿಗೆ ಒಂದು ಚೀಲ ಬಳಚು ಕಳಿಸಿದ್ದಳು. ಮಗಳು, ಅಳಿಯ, ಅಳಿಯನ ತಾಯಿ. ಸರಿಯಾಗಿ ಮೂರು ಜನ.

ತನ್ನ ಗುಂಡಿಯ ಫೋನಿನಿಂದ ಉಮಾಳಿಗೆ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಶರಾವತಿಯ ಸೇತುವೆ ದಾಟುವಷ್ಟರಲ್ಲಿ ಒಂಬತ್ತು ಸಲ ಹಚ್ಚಿಯಾಗಿತ್ತು. ಮೂರು ದಿನದಿಂದ ಮಗಳು ಆಸ್ಪತ್ರೆಯಲ್ಲಿದ್ದಾಳೆ, ಕುಮಟೆಯ ಪೇಟೆಗೆಲ್ಲ ಗೊತ್ತಿದೆ, ಹೆತ್ತವಳಿಗೆ ಮಾತ್ರ ಯಾರೂ ಹೇಳಿಲ್ಲ ಎಂದುಕೊಂಡಳು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಭಟ್ಕಳದಲ್ಲಿ ಇಳಿದಳು.

ದಿವಾಕರ ಮಿಷನ್ನಿನಿಂದ ಎದ್ದು ಕುರ್ಚಿ ಕೊಟ್ಟ. "ಪಾಪ, ನಮ್ಮ ಗಿರೀಶಗೆ ಹೀಗಾಗಬಾರದಿತ್ತು."

"ಎಲ್ಲಿದ್ದಾರೆ? ಯಾವ ಆಸ್ಪತ್ರೆ?"

"ಅದು ನಂಗೆ ಗೊತ್ತಿಲ್ಲ. ಭಾನುವಾರ ನನ್ನ ಮೊಮ್ಮಗಳ ನಾಮಕರಣ ಇತ್ತಲ್ಲ, ಬೆಳಿಗ್ಗೆ ಉಮಾ ಮೆಸೇಜ್ ಹಾಕಿದ್ಳು. ಬಳಚು ತಿಂದು ಇವರಿಗೆ ಹೊಟ್ಟೆ ಕೆಟ್ಟಿದೆ, ಬರೂಕಾಗೂದಿಲ್ಲ ಅಂತ."

"ಇವರಿಗೆ ಅಂದ್ರೆ ಗಿರೀಶಗೆ. ಒಬ್ಬಗೆ. ಮೂರು ಎಲ್ಲಿಂದ ಬಂತು?"

"ಮೂರು ಜನವೂ ಬರ್ಲಿಲ್ಲವಲ್ಲ! ಒಬ್ಬಗೇ ಆದ್ರೆ ಉಳಿದಿಬ್ಬರು ಬರ್ತಿರ್ಲಿಲ್ವಾ?"

"ಆಸ್ಪತ್ರೆ ಅಂತ ಹೇಳಿದ್ಳಾ?"

"ಮೂವರಿಗೂ ಹಾಗಾದ ಮೇಲೆ ಆಸ್ಪತ್ರೆಗೆ ಹೋಗದೆ ಮನೆಯಲ್ಲಿ ಕೂತಿರ್ತಾರಾ?"

ದುರ್ಗಿ ಅವನನ್ನೇ ನೋಡಿದಳು. "ಹೆಬಳೆ ಇಲ್ಲೇ. ನೀವು ನೋಡೂಕೆ ಹೋದ್ರಾ?"

"ಪುರಸೊತ್ತು ಎಲ್ಲಿ ಆತು?" ದಿವಾಕರ ನೊಂದುಕೊಂಡ. "ಆದ್ರೂ ನನ್ನ ಕರ್ತವ್ಯ ಅಂತ ಗೊತ್ತಿದ್ದವರಿಗೆಲ್ಲ ಮೆಸೇಜ್ ಹಾಕ್ದೆ."

ರಿಕ್ಷಾ ಹೆಬಳೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮನೆಯ ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ಏಣಿ, ಏಣಿಯ ಮೇಲೆ ಬಾಯಲ್ಲಿ ಟೇಪು ಕಚ್ಚಿಕೊಂಡು ಫ್ಯಾನು ಬಿಚ್ಚುತ್ತಿದ್ದವನು ವಯರ್‌ಮನ್ ಗಿರೀಶ. ಕೆನ್ನೆ ಹೊಳೆಯುತ್ತಿತ್ತು. ಅತ್ತೆಯನ್ನು ಕಂಡು ಟೇಪು ತೆಗೆದು ನಕ್ಕ.

"ಓಹೋ, ಅತ್ತೆ! ಬಳಚು ತಂದ್ರಾ?"

ದುರ್ಗಿ ಜಗಲಿಯ ಅಂಚಿನಲ್ಲಿ ಕೂತುಬಿಟ್ಟಳು. ಒಳಗಿನಿಂದ ಓಡಿ ಬಂದ ಉಮಾ ನೀರು ಕೊಟ್ಟಳು. ಫೋನು ಚಾರ್ಜಿಗೆ ಹಾಕಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ ಎಂದಳು. ಚೊಂಬು ಖಾಲಿಯಾದ ಮೇಲೆ ನಿಜ ಸಂಗತಿ ಹೊರಗೆ ಬಂತು. ಭಾನುವಾರ ಕ್ರಿಕೆಟ್ ಮ್ಯಾಚ್ ಇತ್ತು. ನಾಮಕರಣಕ್ಕೆ ಹೋದರೆ ಸೋದರಮಾವ ಸಂಜೆಯವರೆಗೆ ಬಿಡುವವನಲ್ಲ. ಬರಿದೇ ಹೊಟ್ಟೆ ಸರಿಯಿಲ್ಲ ಎಂದರೆ, ಎಂತ ತಿಂದ್ರಿ, ಯಾವಾಗಿನಿಂದ ಎಂದು ನೂರು ಪ್ರಶ್ನೆ. ಹಾಗಾಗಿ ಗಿರೀಶ ಹೇಳಿದ, ಉಮಾ ಬಳಚಿನ ಹೆಸರು ಸೇರಿಸಿ ಬರೆದಳು. ಮಗ ಹೋಗದ ಮೇಲೆ ಅವನ ತಾಯಿಯೂ ಮನೆಯಲ್ಲೇ ಉಳಿದಳು.

"ಹಾಗಾದ್ರೆ ಹೊಟ್ಟೆ ಕೆಟ್ಟದ್ದು ಯಾರಿಗೆ?" ದುರ್ಗಿ ಕೇಳಿದಳು.

ಗಂಡ ಹೆಂಡತಿ ಮುಖ ನೋಡಿಕೊಂಡರು. "ಯಾರಿಗೂ ಇಲ್ಲ ಅಮ್ಮ," ಎಂದಳು ಉಮಾ. "ಬಳಚು ಲಾಯ್ಕಿತ್ತು. ರಾತ್ರಿ ಉಳಿದದ್ದನ್ನೂ ಇವರೇ ತಿಂದ್ರು."

ಮಗಳು ಜೀವಂತ ಇದ್ದಾಳೆಂಬ ಸಮಾಧಾನಕ್ಕೆ ಅಳು ಬಂತು. ಅದರ ಹಿಂದೆಯೇ ಸಿಟ್ಟು ಬಂತು. "ಸುಳ್ಳು ಹೇಳೂಕೆ ನನ್ನ ಬಳಚೇ ಬೇಕಾಯ್ತಾ ನಿಂಗೆ? ಬಸಳೆಸೊಪ್ಪು ಇರ್ಲಿಲ್ವಾ? ಹಲಸಿನಹಣ್ಣು ಇರ್ಲಿಲ್ವಾ? ಕುಮಟೆಯಲ್ಲಿ ಏಳು ಜನ ಮಲಗಿದ್ದಾರೆ ಮಾರಾಯ್ತಿ, ನಿನ್ನ ಗಂಡನ ಕ್ರಿಕೆಟ್ಟಿಗೆ!"

ಅವಳು ಹೊರಡಲು ಒಪ್ಪಲಿಲ್ಲ. ಗಿರೀಶ ಎಲ್ಲರಿಗೂ ನಿಜ ಹೇಳುವವರೆಗೆ ಜಗಲಿ ಬಿಟ್ಟು ಏಳುವುದಿಲ್ಲ ಎಂದಳು. ಗಿರೀಶ ಸೋದರಮಾವನ ಮರ್ಯಾದೆಯ ಮಾತೆತ್ತಿದ, ತನ್ನ ಮರ್ಯಾದೆಯ ಮಾತೆತ್ತಿದ. ಕೊನೆಗೆ ಅಂಗಿ ಬದಲಿಸಿ ಬಂದು ನಿಂತ. ಉಮಾ ವಿಡಿಯೋ ಮಾಡಿದಳು. "ನಾನು ಹೆಬಳೆಯ ಗಿರೀಶ. ಬಳಚು ತಿಂದು ನನಗಾಗಲಿ ನಮ್ಮ ಮನೆಯವರಿಗಾಗಲಿ ಏನೂ ಆಗಿಲ್ಲ. ಮ್ಯಾಚ್ ನೋಡೂಕೆ ಸುಳ್ಳು ಹೇಳಿದ್ದು. ತಪ್ಪಾಯ್ತು." ಹೆಸರಿತ್ತು, ಊರಿತ್ತು, ತಾರೀಖನ್ನೂ ದುರ್ಗಿ ಹೇಳಿಸಿದ್ದಳು. ಸುದ್ದಿ ಬಂದ ದಾರಿಯಲ್ಲೇ ಅದನ್ನು ವಾಪಸು ಕಳಿಸಿದರು.

ಅದು ಹೆಚ್ಚು ದೂರ ಹೋಗಲಿಲ್ಲ. ದಿವಾಕರನಿಗೆ ವಿಷದ ಸುದ್ದಿ ಮರೆತೇ ಹೋಗಿ, ಅಳಿಯ ನಾಮಕರಣಕ್ಕಿಂತ ಮ್ಯಾಚ್ ದೊಡ್ಡದು ಮಾಡಿದ ಎಂಬುದಷ್ಟೇ ಉಳಿಯಿತು. ಒಂದು ತಿಂಗಳು ಮಾತು ಬಿಟ್ಟ. ಮಧುಸೂದನ ಕೈಮುಗಿದ ಚಿತ್ರ ಹಾಕಿದ, ಮುಂದೆ ಕಳಿಸಲಿಲ್ಲ. ಮರುದಿನ ಮಾರ್ಕೆಟ್ಟಿನಲ್ಲಿ ದುರ್ಗಿ ಮಾಸ್ತರರನ್ನು ತಡೆದು, ಉಮಾ ಕುಸುಮಾಳ ಫೋನಿಗೆ ಕಳಿಸಿದ್ದ ವಿಡಿಯೋ ತೋರಿಸಿದಳು. ಅವರು ಎರಡು ಸಲ ನೋಡಿದರು.

"ದುರ್ಗಿ, ನಿನ್ನ ಒಳ್ಳೇದಕ್ಕೆ ಹೇಳ್ತೆ," ಎಂದರು ಮೆಲ್ಲಗೆ. "ಈಗಿನ ಕಾಲದಲ್ಲಿ ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬಬಾರದು."

ಮೂರು ವಾರ ದುರ್ಗಿ ಮನೆಮನೆಗೆ ಬುಟ್ಟಿ ಹೊತ್ತಳು. ಕೇಳಿದವರಿಗೆಲ್ಲ ಕಥೆ ಹೇಳಿದಳು. ನಕ್ಕವರು ಕೊಂಡರು, ನಗದವರು ಬಾಗಿಲು ಹಾಕಿಕೊಂಡರು. ನಾಲ್ಕನೇ ಬುಧವಾರ ಮಾರ್ಕೆಟ್ಟಿಗೆ ಬಂದು ಕೂತಾಗ ಒಂಬತ್ತೂವರೆಗೆ ಬುಟ್ಟಿ ಖಾಲಿಯಾಯಿತು. ಕಾರಣ ಅವಳಿಗೆ ಮಾಸ್ತರರಿಂದ ತಿಳಿಯಿತು. ಅವರು ಎರಡು ಪಾಲು ಬಳಚು ಚೀಲಕ್ಕೆ ಹಾಕಿಸಿಕೊಂಡು ಬಗ್ಗಿ ಪಿಸುಗುಟ್ಟಿದರು: "ಕಲ್ಲಂಗಡಿ ಮಾತ್ರ ಮುಟ್ಟಬೇಡ. ಸೂಜಿಯಿಂದ ಬಣ್ಣ ಚುಚ್ತಾರಂತೆ. ಹನ್ನೊಂದು ಜನ ಆಸ್ಪತ್ರೆಯಲ್ಲಿ."

ಮಾರ್ಕೆಟ್ಟಿನ ಹೊರಗೆ ಪಾಂಡು ಕಲ್ಲಂಗಡಿಯ ರಾಶಿಯ ಮುಂದೆ ನೊಣ ಓಡಿಸುತ್ತಾ ಕೂತಿದ್ದ. ಅವನೂ ಮೂರು ವಾರದಿಂದ ಬಳಚು ಒಯ್ದಿರಲಿಲ್ಲ. ದುರ್ಗಿಯನ್ನು ನೋಡಿ ಹಣ್ಣಿನ ಕಡೆಗೆ ಮುಖ ತಿರುಗಿಸಿದ. ಅವಳು ಖಾಲಿ ಬುಟ್ಟಿಯನ್ನು ಕವುಚಿ ಹಾಕಿ ಅದರ ಮೇಲೆ ಕೂತಳು.

"ಒಂದು ಹಣ್ಣು ಕೊಯ್ಯೋ."

"ಮೆಸೇಜು ನಿಂಗೆ ಬರ್ಲಿಲ್ವಾ ಅಕ್ಕಾ?"

"ಬಂತು. ದೊಡ್ಡ ಹೋಳು ಮಾಡು, ರಸ್ತೆಯವರಿಗೆ ಕಾಣಬೇಕು."

ಪಾಂಡು ಕೊಯ್ದ. ದುರ್ಗಿ ಎರಡೂ ಕೈಯಲ್ಲಿ ಹಿಡಿದು ಕಚ್ಚಿದಳು. ಕೆಂಪು ರಸ ಮೊಣಕೈಯವರೆಗೆ ಇಳಿಯಿತು. ಬಸ್ಸಿಗೆ ಕಾಯುತ್ತಿದ್ದವರು ನಿಂತು ನೋಡತೊಡಗಿದರು. ಒಬ್ಬಾತ ಮೊಬೈಲು ಎತ್ತಿ ಫೋಟೋ ಹೊಡೆದ.