ಆ ಉಸಿರು ನನ್ನದಲ್ಲ

ಪುಕ್ಕಟೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಬೆಳ್ತಂಗಡಿಯ ಬಟ್ಟೆಯಂಗಡಿಯವನು ಸೀರೆಯೊಟ್ಟಿಗೆ ರವಿಕೆ ಕಣ ಸುಮ್ಮನೆ ಕೊಟ್ಟರೆ, ಸೀರೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ತೂತು ಹುಡುಕುವವಳು ನಾನು. ಹಾಗಿರುವಾಗ ನನ್ನ ಮೈದುನ ದಯಾನಂದ ಬಂದು, "ಅತ್ತಿಗೆ, ನಮ್ಮ ಭಜನೆಯನ್ನು ಮನೆಯಲ್ಲೇ ರೆಕಾರ್ಡ್ ಮಾಡುವ. ಸಾಫ್ಟ್‌ವೇರ್ ಫ್ರೀ ಉಂಟು" ಎಂದರೆ ಸುಮ್ಮನಿರುತ್ತೇನೆಯೇ?

"ಫ್ರೀ ಕೊಡ್ಲಿಕ್ಕೆ ಅವರಿಗೆ ಎಂತ ಹುಚ್ಚಾ? ನಮ್ಮಿಂದ ಎಂತ ಬೇಕಂತೆ?"

"ಎಂತ ಬೇಡ ಮಾರಾಯ್ರೆ. ಎಲ್ಲೆಲ್ಲಿಯದೋ ಜನ ಸೇರಿ ಮಾಡಿ ಇಟ್ಟದ್ದು. ಬೇಕಾದವರು ಇಳಿಸಿಕೊಳ್ಳಬಹುದು."

"ಜನ ಅಷ್ಟು ಒಳ್ಳೆಯವರಾದದ್ದು ಯಾವಾಗ?" ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಮೂಡುಬಿದಿರೆಯಲ್ಲಿ ಭಜನಾ ಸ್ಪರ್ಧೆಯೊಂದಿತ್ತು. ಮೊದಲು ಒಂದು ಹಾಡನ್ನು ರೆಕಾರ್ಡ್ ಮಾಡಿ ಕಳುಹಿಸಬೇಕು, ಆಯ್ಕೆಯಾದವರಿಗೆ ಮಾತ್ರ ವೇದಿಕೆ. ನಮ್ಮ ಮಂಡಳಿಯ ಮುಂದಾಳು ನಾನು, ಮೋಹಿನಿ. ಸಾಲು ಹಿಡಿಯುವುದು ನಾನು. ನನ್ನ ಬೆನ್ನಿಗೆ ನಿಂತು ಸ್ವರ ಸೇರಿಸುವುದು ದಯಾನಂದನ ಹೆಂಡತಿ ಚಿತ್ರಾ. ಆಮೇಲೆ ಉಳಿದವರು ಒಟ್ಟಾಗಿ ಹೇಳುವುದು. ಗಂಡ ತೀರಿಕೊಂಡ ಮೇಲೆ ನನ್ನದು ಅಂತ ಉಳಿದದ್ದು ಆ ಮುಂದಿನ ಜಾಗ ಒಂದೇ. ಎರಡು ವರ್ಷದ ಹಿಂದೆ ಥೈರಾಯ್ಡ್ ಆಪರೇಷನ್ ಆದಾಗ ಸಾಯುವ ಹೆದರಿಕೆಗಿಂತ ಸ್ವರ ಹೋಗುವ ಹೆದರಿಕೆಯೇ ನನಗೆ ಹೆಚ್ಚಿತ್ತು. ದೇವರ ದಯೆ, ಆಮೇಲೂ "ಮೋಹಿನಿಯಕ್ಕನ ಸ್ವರ ಅಂದರೆ ಸ್ವರ" ಎಂದು ಊರವರು ಹೊಗಳುವುದು ನಿಲ್ಲಲಿಲ್ಲ.

ದಯಾನಂದನಿಗೆ ಮದುವೆ ಮನೆಗಳಿಗೆ ಮೈಕ್ ಕಟ್ಟುವ ಕೆಲಸ. ಯಾರೋ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪ್ ತಂದು ರಬ್ಬರ್ ಶೀಟ್ ಇಡುವ ಕೋಣೆಯಲ್ಲಿ ಕೂತ. ಶೀಟ್ ಒಣಹಾಕುವ ಹಗ್ಗಕ್ಕೆ ಮನೆಯ ಕಂಬಳಿಗಳನ್ನೆಲ್ಲ ಇಳಿಬಿಟ್ಟ. ಉಗುಳಿನ ಸದ್ದು ಬೀಳಬಾರದೆಂದು ಮೈಕಿನ ಮುಂದೆ ಚಾ ಸೋಸುವ ಬಟ್ಟೆ ಕಟ್ಟಿದ. ಫ್ಯಾನ್ ಬಂದ್. ಆ ಸೆಕೆಯಲ್ಲಿ, ಆ ರಬ್ಬರಿನ ನಾತದಲ್ಲಿ ದೇವಿಯ ಹಾಡು ಹೇಳಬೇಕಂತೆ! ಅದೂ ಒಬ್ಬೊಬ್ಬರೇ ಹೋಗಿ. ಇದ್ದದ್ದು ಒಂದೇ ಮೈಕ್. ಒಬ್ಬೊಬ್ಬರದನ್ನು ಬೇರೆ ಬೇರೆ ಹಿಡಿದರೆ ಆಮೇಲೆ ತಿದ್ದಲಿಕ್ಕೆ ಸುಲಭ ಎಂದು ಅವನ ಮಾತು.

"ಭಜನೆ ಒಬ್ಬೊಬ್ಬರೇ ಹೇಳುದುಂಟಾ? ತಾಳ ಎಲ್ಲಿ?"

"ತಾಳ ಬೇಡ ಅತ್ತಿಗೆ, ಮೈಕಿಗೆ ಹೊಡೀತದೆ. ಅದನ್ನು ಆಮೇಲೆ ಸೇರಿಸುವ."

ತಾಳವಿಲ್ಲದ ಕೈಯನ್ನು ಎಲ್ಲಿಡುವುದೆಂದೇ ನನಗೆ ತಿಳಿಯಲಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ನಮ್ಮ ಮಂಡಳಿಯ ರುಕ್ಮಯ್ಯ ಮೊದಲೇ ನುಡಿಸಿಹೋಗಿದ್ದ ಹಾರ್ಮೋನಿಯಂ ಅದರಲ್ಲಿ ಜೋರಾಗಿ ಕೇಳಿತು. ನಾನು ಹಾಡಿದೆ. ಮುಗಿದ ಮೇಲೆ ದಯಾನಂದ ಪರದೆಯನ್ನೇ ನೋಡುತ್ತಾ, "ಇನ್ನೊಮ್ಮೆ" ಎಂದ. ಮತ್ತೆ ಹಾಡಿದೆ. ಅವನು ಕುತ್ತಿಗೆ ತುರಿಸಿಕೊಂಡು, "ಸಾಕು, ಆಯ್ತು" ಎಂದ. ಚಂದ ಆಯ್ತು ಎನ್ನಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಸಂಶಯ. ಮರುದಿನ ಮಧ್ಯಾಹ್ನ ಚಿತ್ರಾ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಸರದಿ ಮುಗಿದು ಹೋಗಿತ್ತು. ಹೊರಗೆ ಬಂದಾಗ ಮುಖವೆಲ್ಲ ಬೆವರು.

"ಒಳಗೆ ಎಂತ ಕೆಲಸ?" ಎಂದು ಕೇಳಿದೆ.

"ವಯರ್ ಹಿಡೀಲಿಕ್ಕೆ ಕರೆದ್ರು ಅಕ್ಕಾ."

ವಯರ್ ಹಿಡಿದವಳಿಗೆ ಗಂಟಲು ಯಾಕೆ ಒಣಗಬೇಕು? ಚೊಂಬು ನೀರನ್ನು ಎತ್ತಿ ಗಟಗಟ ಕುಡಿದದ್ದನ್ನು ನಾನು ನೋಡಿದೆ. ರುಕ್ಮಯ್ಯ ಬಸ್‌ಸ್ಟಾಪಿನಲ್ಲಿ ಸಿಕ್ಕಿದಾಗ ರೆಕಾರ್ಡಿಂಗಿನ ಸುದ್ದಿ ಎತ್ತಿದರೆ, "ದಯಾನಂದನ ಹತ್ರವೇ ಕೇಳಿ" ಎಂದು ಬಸ್ಸು ಬರುವ ಮೊದಲೇ ಬಸ್ಸಿಗೆ ಕೈ ತೋರಿಸತೊಡಗಿದ. ಇವರೆಲ್ಲ ಸೇರಿ ಏನೋ ಮಾಡುತ್ತಿದ್ದಾರೆ, ನನಗೊಬ್ಬಳಿಗೆ ಗೊತ್ತಿಲ್ಲ.

ವಾರದೊಳಗೆ ಹಾಡು ತಯಾರಾಗಿ ಮಂಡಳಿಯ ವಾಟ್ಸ್ಯಾಪ್ ಗ್ರೂಪಿಗೆ ಬಂತು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದ್ದೇ ಹಾಕಿದ್ದು. ನಾನು ಅಡಿಗೆಮನೆಯಲ್ಲಿ ಕೂತು ಫೋನನ್ನು ಕಿವಿಗೆ ಒತ್ತಿ ಕೇಳಿದೆ. ಮೊದಲ ಸಾಲು ನನ್ನದೇ. ಎರಡನೆಯದೂ ನನ್ನದೇ. ದೇವಿಯನ್ನು ಕೂಗಿ ಕರೆಯುವ ಮೇಲಿನ ಸ್ವರ ಬಂತು ನೋಡಿ, ಎಂಥ ಸ್ವರ! ಬೆಣ್ಣೆಯ ಹಾಗೆ ಮೇಲೆ ಹೋಯಿತು. ಆದರೆ ಅದಕ್ಕೆ ಮೊದಲು ಒಂದು ಉಸಿರು ಕೇಳಿತು. ಆ ಸಾಲಿನ ನಡುವೆ ನಾನು ಉಸಿರು ತೆಗೆದುಕೊಳ್ಳುವವಳೇ ಅಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ತೆಗೆದುಕೊಂಡವಳಲ್ಲ. ಸ್ವರ ಯಾರದ್ದೆಂದು ಬೇರೆಯವರು ಮೋಸಹೋದಾರು. ನನ್ನ ಉಸಿರು ನನಗೆ ಗೊತ್ತಿಲ್ಲವೇ?

ಒಲೆ ಆರಿಸಿ ಸೀದಾ ಅವರ ಮನೆಗೆ ನಡೆದೆ. ಎರಡು ಮನೆಗೂ ಒಂದೇ ಅಂಗಳ.

"ನನ್ನ ಸ್ವರ ತೆಗೆದು ನಿನ್ನ ಹೆಂಡ್ತಿಯದ್ದು ಹಾಕಿದ್ದಿ ಅಲ್ವಾ?" ಎಂದೆ ಬಾಗಿಲಿನಿಂದಲೇ. "ಮುಂದೆ ನಿಲ್ಲುವ ಆಸೆ ಇದ್ದರೆ ಬಾಯಿ ಬಿಟ್ಟು ಕೇಳ್ಬೇಕು. ಕಳ್ಳರ ಹಾಗೆ ಬಾಗಿಲು ಹಾಕಿಕೊಂಡು ಎಂತದು ಇದು?"

ದಯಾನಂದನ ಮುಖ ಬಿಳುಚಿತು. "ಕೂತ್ಕೊಳ್ಳಿ ಅತ್ತಿಗೆ."

"ಕೂರ್ಲಿಕ್ಕೆ ಬಂದವಳಲ್ಲ. ನನ್ನದನ್ನು ಮಾತ್ರ ಹಾಕು. ನಾನು ಕೇಳ್ಬೇಕು."

"ಬೇಡ. ಒಂದೇ ಸ್ವರ ಬೇರೆ ಮಾಡಿ ಕೇಳಿದರೆ ಯಾರದ್ದೂ ಚಂದ ಕೇಳುದಿಲ್ಲ."

ಬೇಡ ಎಂದರೆ ನಾನು ಬಿಡುವವಳೇ? ಪರದೆಯ ಮೇಲೆ ಗೆರೆಗೆರೆಯಾಗಿ ಎಲ್ಲರ ಸ್ವರ, ಪಕ್ಕದಲ್ಲಿ ಕನ್ನಡದಲ್ಲೇ ಹೆಸರು. ಮೋಹಿನಿ ಎಂದು ಒಂದು ಗೆರೆ. ಅದರ ಕೆಳಗೆ ಚಿತ್ರಾ ಎಂದು ಎರಡು. "ನೋಡು, ಎರಡು!" ಎಂದು ಬೆರಳು ಕುಟ್ಟಿ ತೋರಿಸಿದೆ. ಅವನು ನಿಟ್ಟುಸಿರು ಬಿಟ್ಟು ನನ್ನ ಹೆಸರಿನದ್ದೊಂದನ್ನು ಉಳಿಸಿ ಉಳಿದವನ್ನೆಲ್ಲ ಮೂಕ ಮಾಡಿದ.

ಮೊದಲ ಸಾಲು ಹೇಗೋ ಹೋಯಿತು. ಎರಡನೆಯದು ಒರಟಾಗಿ ಹೋಯಿತು. ಮೇಲಿನ ಸ್ವರ ಬರಬೇಕಾದಲ್ಲಿ ಬರೀ ಗಾಳಿ ಬಂತು. ಕೊನೆಯಲ್ಲಿ ಕರಕರ ಎಂಬ ಒಂದು ಸದ್ದು, ಅಷ್ಟೇ. ಅಯ್ಯೋ ದೇವರೇ, ಅದು ನಾನು. ಅವನು ಬೇರೆ ಇಟ್ಟಿದ್ದ, ಎರಡನೆಯ ಸಲ ಹಾಡಿದ್ದನ್ನೂ ಹಾಕಿಸಿದೆ. ಅದು ಮೊದಲನೆಯದಕ್ಕಿಂತಲೂ ಕಡೆಯಾಗಿತ್ತು.

ಚಿತ್ರಾ ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ಗೊತ್ತಿಲ್ಲ. ಕೈಯೆಲ್ಲ ಸಾಬೂನು ನೊರೆ.

"ಯಾವಾಗಿನಿಂದ?" ಎಂದು ಕೇಳಿದೆ.

"ಆಪರೇಷನ್ ಆದಮೇಲೆ," ಎಂದಳು. "ಮೇಲಿನ ಸ್ವರ ಬರುವಲ್ಲಿ ನಾನು ಹಿಂದಿನಿಂದ ಹೇಳ್ತಾ ಇದ್ದೆ. ನಿಮ್ಮ ಕೈಯಲ್ಲಿ ತಾಳ ಇರ್ತಿತ್ತಲ್ಲ, ಅದರ ಸದ್ದಿಗೆ ನಿಮಗೆ ಕೇಳ್ತಾ ಇರ್ಲಿಲ್ಲ."

"ಊರಿಗೆಲ್ಲ ಗೊತ್ತಾ?"

"ಮಂಡಳಿಯವರಿಗೆ ಗೊತ್ತುಂಟು."

"ನನಗೊಂದು ಮಾತು ಹೇಳ್ಲಿಕ್ಕೆ ನಿಮಗೆ ಯಾರಿಗೂ ಬಾಯಿಲ್ಲವಾ? ಎರಡು ವರ್ಷ ನನ್ನನ್ನು ಮುಂದೆ ನಿಲ್ಲಿಸಿ ಕುಣಿಸಿದಿರಲ್ಲ!"

"ಹೇಗೆ ಹೇಳುದು ಅಕ್ಕಾ? ಆಸ್ಪತ್ರೆಯಲ್ಲಿ ಜೀವ ಉಳೀತದಾ ಅಂತ ನೀವು ಕೇಳ್ಲಿಲ್ಲ. ಹಾಡ್ಲಿಕ್ಕೆ ಆಗ್ತದಾ ಅಂತ ಕೇಳಿದ್ರಿ. ಹತ್ತಿರ ಕೂತದ್ದು ನಾನೇ ಅಲ್ವಾ?"

ನನಗೆ ಸಿಟ್ಟು ಇಳಿಯಲಿಲ್ಲ. ಅವಳ ಮೇಲೂ ಇಳಿಯಲಿಲ್ಲ, ನನ್ನ ಮೇಲೂ ಇಳಿಯಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು. ನಮ್ಮ ಅಂಗಳ ದಾಟಿ ಬಂದು ಇಷ್ಟು ದೊಡ್ಡ ಬಾಯಿ ಮಾಡಿದ್ದು ಯಾರ ಮೇಲೆ? ಎರಡು ವರ್ಷ ಜನರ ಹೊಗಳಿಕೆ ಕೇಳಿ ಬೀಗಿದ್ದು ಯಾರ ಸ್ವರಕ್ಕೆ? ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡೆ.

"ಇದನ್ನೇ ಕಳಿಸುವ ಅತ್ತಿಗೆ," ಎಂದ ದಯಾನಂದ ಮೆಲ್ಲಗೆ. "ಹೊರಗಿನವರಿಗೆ ಗೊತ್ತಾಗುದಿಲ್ಲ."

"ಅದನ್ನು ಅಳಿಸು. ನಾಳೆ ಎಲ್ಲರನ್ನೂ ಕರೆ. ಒಂದೇ ಮೈಕಿಗೆ ಒಟ್ಟಿಗೆ ಹಾಡುವ."

"ಹಾಗೆ ಮಾಡಿದರೆ ಆಮೇಲೆ ಎಂತದನ್ನೂ ತಿದ್ದಲಿಕ್ಕಾಗುದಿಲ್ಲ. ಮೈಕಿನ ಹತ್ತಿರ ನಿಂತವರದ್ದೇ ದೊಡ್ಡದಾಗಿ ಕೇಳುದು."

"ಗೊತ್ತುಂಟು," ಎಂದೆ.

ಮರುದಿನ ಎಲ್ಲರೂ ಆ ಕೋಣೆಯಲ್ಲಿ ಒತ್ತಿ ನಿಂತರು. ಮೈಕಿನ ಮುಂದಿನ ಜಾಗವನ್ನು ನನಗೆಂದು ಬಿಟ್ಟಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ನಾನು ಚಿತ್ರಾಳ ತೋಳು ಹಿಡಿದು ಎಳೆದು ಅಲ್ಲಿ ನಿಲ್ಲಿಸಿದೆ. ಅವಳು ಮುಸುಮುಸು ಅಳತೊಡಗಿದಳು.

"ಅಳುದು ಆಮೇಲೆ ಮಾರಾಯ್ತಿ. ಮೂಗು ಕಟ್ಟಿದರೆ ಶ್ರುತಿ ಸಿಗ್ಲಿಕ್ಕಿಲ್ಲ," ಎಂದು ಗದರಿಸಿ ಅವಳ ಬೆನ್ನಿಗೆ ಬಂದು ನಿಂತೆ.

ರುಕ್ಮಯ್ಯ ಶ್ರುತಿ ಹಿಡಿದ. ಚಿತ್ರಾ ಸಾಲು ಎತ್ತಿದಳು, ಸ್ವಲ್ಪ ನಡುಗಿತು, ಆಮೇಲೆ ಸರಿಯಾಯಿತು. ಅವಳ ಬೆನ್ನನ್ನು ನಾನು ಅಷ್ಟು ಹತ್ತಿರದಿಂದ ನೋಡಿದವಳೇ ಅಲ್ಲ. ಮೇಲಿನ ಸ್ವರ ಬರುವುದಕ್ಕೆ ಸ್ವಲ್ಪ ಮೊದಲು ಅವಳ ಎಡ ಭುಜ ಚೂರು ಮೇಲಕ್ಕೆ ಹೋಯಿತು. ನನ್ನದೂ ಹೀಗೆ ಹೋಗುತ್ತಿದ್ದಿರಬೇಕು. ಎರಡು ವರ್ಷ ಇಲ್ಲಿ ನಿಂತು ಇವಳು ಅದನ್ನೇ ಕಾದಿದ್ದಾಳೆ. ನಾನು ಬಾಯಿ ತೆರೆದು, ಕೇಳಿಯೂ ಕೇಳದಷ್ಟು ಮೆಲ್ಲಗೆ, ಅವಳಿಗೆ ಸ್ವರ ಸೇರಿಸಿದೆ.